ಚೌಕುಳಿ ಕೋಟಿಗೆ ಕತ್ತರಿ

ಸೂಜಕ್ಕನ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಡ್ರೈಕ್ಲೀನಿಂಗ್ ಅಂಗಡಿಯೊಳಗೆ ಇಸ್ತ್ರಿ ಮೇಜಿನ ಹಿಂದೆ ಒಂದು ಕಿಟಕಿ, ಕಿಟಕಿಯ ಕೆಳಗೆ ಕೈಯಿಲ್ಲದ ಕುರ್ಚಿ, ಕುರ್ಚಿಯ ಮುಂದೆ ಮೊಣಕಾಲೆತ್ತರದ ಮರದ ಪೆಟ್ಟಿಗೆ. ಇಪ್ಪತ್ತೊಂಬತ್ತು ವರ್ಷ ಅವಳು ಅಲ್ಲೇ ಕೂತು ರಫೂ ಮಾಡಿದಳು. ಕೋಟು ಮೊಳೆಗೆ ಸಿಕ್ಕಿ ಹರಿದಿರಲಿ, ಶಾಲನ್ನು ನುಸಿ ತಿಂದಿರಲಿ, ಕಿಡಿ ಬಿದ್ದು ತೂತಾಗಿರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ಒಂದೊಂದೇ ಎಳೆ ಬಿಡಿಸಿ, ಸೂಜಿಗೆ ಪೋಣಿಸಿ, ತೂತಿದ್ದ ಜಾಗದಲ್ಲಿ ಉದ್ದಕ್ಕೂ ಅಡ್ಡಕ್ಕೂ ನೇಯ್ದು ತುಂಬುತ್ತಿದ್ದಳು. ಅದನ್ನು ಹೊಲಿಗೆ ಎಂದು ಯಾರಾದರೂ ಅಂದರೆ ಅವಳಿಗೆ ಸಿಟ್ಟು ಬರುತ್ತಿತ್ತು.

"ಹೊಲಿಗೆ ಹೊರಗಿಂದ ಹಾಕೋದು. ಇದು ಬಟ್ಟೆ ಹುಟ್ಟಿದ ಹಾಗೇ ಹುಟ್ಟಿಸೋದು," ಅನ್ನುವಳು.

ಗಿರಾಕಿ ಬಂದು ಬಟ್ಟೆಯನ್ನು ಬೆಳಕಿಗೆ ಹಿಡಿದು, ಮೊಸರಲ್ಲಿ ಕಲ್ಲು ಹುಡುಕಿದ ಹಾಗೆ ಹುಡುಕಿ, ಕೊನೆಗೆ "ಎಲ್ಲಿ ಹರಿದಿತ್ತು?" ಎಂದು ಕೇಳಬೇಕು. ಆ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ.

ಕೆಲಸ ಕಲಿಸಿದವಳು ಅತ್ತೆ. ಆಕೆಯದು ಮಾತು ಕಡಿಮೆ, ಗದರಿಕೆ ಹೆಚ್ಚು. ಸೂಜಿ ಹಿಡಿಯುವುದಕ್ಕಿಂತ ಮುಂಚೆ ಸೊಸೆಗೆ ಒಂದು ಕಟ್ಟಳೆ ಹೇಳಿಕೊಟ್ಟಿದ್ದಳು. "ಹರಕು ಗಿರಾಕಿಯ ಗುಟ್ಟು. ಹೇಗೆ ಹರೀತು ಅಂತ ಕೇಳಬಾರದು. ಹರಿದಿದ್ದನ್ನ ಮೂರನೆಯವರ ಕಣ್ಣಿಗೆ ಬೀಳಿಸಬಾರದು." ಕಾಲರು ಹಿಡಿದು ಎಳೆದು ಹರಿದ ಕೋಟು ಯಾವುದು, ಕುಡಿದು ಬೇಲಿ ಹಾರಿ ಹರಿದದ್ದು ಯಾವುದು, ರಫೂ ಮಾಡುವವಳಿಗೆ ಎಳೆ ನೋಡಿದರೆ ತಿಳಿಯುತ್ತದೆ. ತಿಳಿದದ್ದು ಪೆಟ್ಟಿಗೆಯಲ್ಲೇ ಉಳಿಯಬೇಕು. ಅದಕ್ಕೇ ಸೂಜಕ್ಕ ಕೆಲಸಕ್ಕೆ ತೆಗೆದುಕೊಂಡ ಬಟ್ಟೆಯ ಮೇಲೆ ಯಾವಾಗಲೂ ಒಂದು ಬಿಳಿ ವಸ್ತ್ರ ಹೊದಿಸಿರುತ್ತಿದ್ದಳು. ಸೂಜಿ ಆಡುವಷ್ಟು ಜಾಗ ಮಾತ್ರ ತೆರೆದಿರುತ್ತಿತ್ತು.

ಒಂದು ಸೋಮವಾರ ಅಂಗಡಿಯ ಯಜಮಾನ ಇಸ್ತ್ರಿ ಆರಿಸಿ ಅವಳ ಪೆಟ್ಟಿಗೆಯ ಪಕ್ಕ ಬಂದು ನಿಂತ.

"ಸೂಜಕ್ಕ, ಇನ್ನೆರಡು ತಿಂಗಳಲ್ಲಿ ಅಂಗಡಿ ಮುಚ್ಚಿಬಿಡ್ತೀನಿ."

"ಯಾಕೆ ಯಜಮಾನ್ರೇ, ಮೈ ಹುಷಾರಿಲ್ವಾ?"

"ಮೈ ಗುಂಡುಕಲ್ಲು. ಬಟ್ಟೆಗೇ ಹುಷಾರಿಲ್ಲ. ಈಗ ಹರಿದ್ರೆ ಎಸೀತಾರೆ, ಕೊಳೆಯಾದ್ರೂ ಎಸೀತಾರೆ. ನಿನ್ನೆ ಒಬ್ಬ ಬಂದು, ಒಗೆಯೋದಕ್ಕಿಂತ ಹೊಸದೇ ಸಲೀಸು ಅಂದ. ಏನು ಹೇಳ್ಲಿ?" ಪೆಟ್ಟಿಗೆಯತ್ತ ಬಾಗಿ ಹೇಳಿದ, "ಆಸ್ಪತ್ರೆ ಲಾಂಡ್ರೀಲಿ ನನ್ನ ಭಾವಮೈದ ಮೇಸ್ತ್ರಿ. ನಿನಗೊಂದು ಜಾಗ ಹಿಡಿದಿಡು ಅಂದಿದೀನಿ. ಅಂಗಡಿ ಮುಚ್ಚೋದರೊಳಗೆ ಹೂಂ ಅನ್ನು, ಇಲ್ಲ ಉಹೂಂ ಅನ್ನು."

ಸೂಜಕ್ಕ ಆ ಲಾಂಡ್ರಿಯನ್ನು ಹೋಗಿ ನೋಡಿ ಬಂದಳು. ಆಸ್ಪತ್ರೆಯ ನೆಲಮಾಳಿಗೆ. ಸಾಲಾಗಿ ಆರು ಮಷೀನು, ಗೋಡೆಯಿಂದ ಇಳಿಯುವ ಹಬೆಯ ನೀರು, ಮೂಗು ಸುಡುವ ಬ್ಲೀಚಿನ ವಾಸನೆ. ಹೆಂಗಸರು ಇಬ್ಬಿಬ್ಬರಾಗಿ ಎದುರುಬದುರು ನಿಂತು ಒದ್ದೆ ಹಾಸುಬಟ್ಟೆ ಹಿಂಡಿ ಮಡಿಸುತ್ತಿದ್ದರು. ಒಬ್ಬಳು ನಗುತ್ತಾ ಅಂಗೈ ತೋರಿಸಿದಳು. "ನೋಡಕ್ಕಾ, ಪಾತ್ರೆ ಉಜ್ಜೋಕೆ ಬೇರೆ ನಾರು ಬೇಕಿಲ್ಲ. ಇದೇ ಸಾಕು."

ಸೂಜಕ್ಕನಿಗೆ ನಗು ಬರಲಿಲ್ಲ. ಕೂದಲಿಗಿಂತ ತೆಳ್ಳಗಿನ ಉಣ್ಣೆ ಎಳೆಯನ್ನು ಕಣ್ಣು ಹಿಡಿಯುವುದಿಲ್ಲ, ಬೆರಳ ತುದಿ ಹಿಡಿಯುತ್ತದೆ. ಬೆರಳು ಒರಟಾದರೆ ಎಳೆ ಚರ್ಮಕ್ಕೆ ಸಿಕ್ಕಿ ಕಿತ್ತುಬರುತ್ತದೆ. ಕಣ್ಣು ಮಂಜಾದರೆ ಕನ್ನಡಕ ಉಂಟು, ಬೆರಳಿಗೆ ಏನುಂಟು? ಆ ನೆಲಮಾಳಿಗೆಗೆ ಇಳಿದರೆ ಊಟಕ್ಕೆ ತೊಂದರೆಯಿಲ್ಲ, ಆದರೆ ಕಸುಬು ಅಲ್ಲಿಗೆ ಮುಗಿಯಿತು. ಅವಳ ನಂತರ ಅದನ್ನು ಬಲ್ಲವರು ಅವಳಿಗೆ ತಿಳಿದ ಮಟ್ಟಿಗೆ ಯಾರೂ ಇರಲಿಲ್ಲ.

ಮನೆಯಲ್ಲಿ ಮೂರು ಜನ. ಗಂಡ ದೊಡ್ಡ ಕಚೇರಿಯ ಕಟ್ಟಡವೊಂದರಲ್ಲಿ ಮೂವತ್ತನಾಲ್ಕು ವರ್ಷ ಲಿಫ್ಟ್ ನಡೆಸಿ ನಿವೃತ್ತನಾದವನು. "ದಿನಕ್ಕೆ ನೂರು ಸಲ ಮೇಲಕ್ಕೆ ಹೋದೆ, ಒಂದು ಸಲಾನೂ ದೊಡ್ಡ ಮನುಷ್ಯ ಆಗ್ಲಿಲ್ಲ" ಅನ್ನುವುದು ಅವನ ಮಾಮೂಲು ಮಾತು. ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಮ್ಮನಿಗೆ ಫೋನು ತೆಗೆದುಕೊಟ್ಟವಳೂ ಅವಳೇ. ಆ ಫೋನಿನಲ್ಲಿ ಗಂಡ ನೋಡುವುದು ಜನ ಮೇಜು ಗುದ್ದಿ ಕಿರುಚಾಡುವ ಚರ್ಚೆ. ಸೂಜಕ್ಕ ನೋಡುವುದು ಜಮಖಾನ ತೊಳೆಯುವುದನ್ನು. ಯಾವುದೋ ದೇಶದಲ್ಲಿ ಯಾರೋ ಕೆಸರು ಹತ್ತಿದ ಜಮಖಾನದ ಮೇಲೆ ನೀರು ಬಿಟ್ಟು ಉಜ್ಜುತ್ತಾರೆ, ಕೆಳಗಿನ ಹೂವು ಮೆಲ್ಲಗೆ ಮೇಲೆ ಬರುತ್ತದೆ. ಒಂದು ಮುಗಿದರೆ ಇನ್ನೊಂದು ತಾನಾಗಿ ಬರುತ್ತದೆ. ಒಂದು ಮಧ್ಯಾಹ್ನ ಅವಳು ಹದಿನೇಳು ಜಮಖಾನ ನೋಡಿದ್ದಳು.

ಅಂಗಡಿ ಮುಚ್ಚುವ ಸುದ್ದಿ ಬಂದ ವಾರವೂ ಅವಳು ಅದನ್ನೇ ನೋಡುತ್ತಾ ಕೂತಿದ್ದಾಗ ಮಗಳು ಬಾಗಿಲಲ್ಲೇ ನಿಂತಳು.

"ಅಮ್ಮಾ, ಊರವರ ಜಮಖಾನ ಎಲ್ಲ ಬೆಳ್ಳಗಾಯ್ತು. ನಮ್ಮನೇದು ಯಾರು ತೊಳೀಬೇಕು?"

"ಬಿಡೇ. ತಲೆ ಕೆಟ್ಟಿದೆ, ಸ್ವಲ್ಪ ಹೊತ್ತು ಹೋಗ್ಲಿ ಅಂತ ನೋಡ್ತಿದೀನಿ."

"ಹೊತ್ತು ಹೋಗತ್ತಮ್ಮ. ನಾವು ನೋಡದಿದ್ರೂ ಹೋಗತ್ತೆ." ಮಗಳು ಬಂದು ಪಕ್ಕದಲ್ಲಿ ಕೂತಳು. "ಈ ಇಂಟರ್ನೆಟ್ಟಿಗೆ ನೀನು ಇಷ್ಟು ದಿನದಲ್ಲಿ ಏನಾದ್ರೂ ಕೇಳಿದೀಯಾ? ಅದು ತೋರಿಸಿದ್ದನ್ನ ನೋಡ್ತೀಯ, ಅಷ್ಟೇ. ಅಂಗಡಿಗೆ ಹೋಗಿ, ಅಂಗಡಿಯವನು ಕೊಟ್ಟಿದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬರ್ತೀಯಾ? ಏನು ಬೇಕು ಅಂತ ಬಾಯಿ ಬಿಟ್ಟು ಕೇಳು."

ಸೂಜಕ್ಕ ಯೋಚಿಸಿ, ಫೋನನ್ನು ಬಾಯಿಯ ಹತ್ತಿರ ಹಿಡಿದು, ಕಿವುಡರಿಗೆ ಹೇಳುವ ಹಾಗೆ ಜೋರಾಗಿ ಕೇಳಿದಳು. "ಹರಿದಿದ್ದು ಗೊತ್ತಾಗದ ಹಾಗೆ ಸೇರಿಸೋದು ಹೇಗೆ?"

ಫೋನು ಒಬ್ಬ ಡಾಕ್ಟರು ರೋಗಿಯ ಹಣೆಗೆ ಹೊಲಿಗೆ ಹಾಕುವುದನ್ನು ತೋರಿಸಿತು.

ಗಂಡ ಇಣುಕಿ ನೋಡಿದ. "ಇವರೂ ನಿನ್ನ ಕಸುಬಿನೋರೇ ಕಣೇ. ಆದ್ರೆ ಜಾಣರು. ಗಿರಾಕೀನ ಮೊದಲೇ ಮಲಗಿಸಿಬಿಡ್ತಾರೆ, ತಕರಾರೇ ಇಲ್ಲ."

ಅಂದಿನಿಂದ ಮಗಳು ಒಂದು ನಿಯಮ ಮಾಡಿದಳು. ದಿನಕ್ಕೆ ಅರ್ಧ ಗಂಟೆ, ಒಂದೇ ಪ್ರಶ್ನೆ. ಪ್ರಶ್ನೆಯನ್ನು ಬೆಳಿಗ್ಗೆಯೇ ನೋಟುಪುಸ್ತಕದಲ್ಲಿ ಬರೆದಿಡಬೇಕು. ಅದಕ್ಕೆ ಉತ್ತರ ಸಿಕ್ಕರೆ ಫೋನು ಕೆಳಗಿಡಬೇಕು, ಸಿಗದಿದ್ದರೂ ಕೆಳಗಿಡಬೇಕು. ಸೂಜಕ್ಕ ಮೂರನೇ ತರಗತಿಗೆ ಶಾಲೆ ಬಿಟ್ಟವಳು. ದಪ್ಪ ದಪ್ಪ ಅಕ್ಷರದಲ್ಲಿ ಒಂದು ಸಾಲು ಬರೆಯುವುದರೊಳಗೆ ಹಾಲು ಉಕ್ಕಿ ಹೋಗುತ್ತಿತ್ತು. ಆದರೂ ಬರೆದಳು. ಬಟ್ಟೆಯಲ್ಲಿ ಎಳೆ ಎಣಿಸುವವಳಿಗೆ ನಿಧಾನ ಹೊಸದಲ್ಲ.

ಮೊದಲ ಪ್ರಶ್ನೆಗಳಲ್ಲಿ ಒಂದು, ರಫೂ ಬೇಕಾದವರು ನನ್ನನ್ನು ಹುಡುಕುವುದು ಹೇಗೆ ಎಂಬುದು. ಅದಕ್ಕೆ ಮಗಳೇ ಉತ್ತರ ಹುಡುಕಿ, ಅಮ್ಮನ ಕೆಲಸದ ಚಿತ್ರ ಹಾಕಲು ಇಂಟರ್ನೆಟ್ಟಿನಲ್ಲಿ ಒಂದು ಪುಟ ತೆರೆದುಕೊಟ್ಟಳು. ಚಿತ್ರ ತೆಗೆಯುವುದು ಸೂಜಕ್ಕನ ಪಾಲಿಗೆ ಬಂತು. ಆ ತಿಂಗಳು ಮಾಡಿದ್ದರಲ್ಲಿ ಅತಿ ಕಷ್ಟದ ಆರು ಕೆಲಸ ಆರಿಸಿದಳು. ಕಿಟಕಿಯ ಬೆಳಕಿಗೆ ಹಿಡಿದು, ರಫೂ ಆದ ಜಾಗವನ್ನು ಸರಿಯಾಗಿ ನಡುವಿಗೆ ತಂದು, ಆರು ಚಿತ್ರ ತೆಗೆದು ಹಾಕಿ, ಮದುವೆಗೆ ಹೆಣ್ಣು ತೋರಿಸಿದ ಮನೆಯವರ ಹಾಗೆ ಕಾದು ಕೂತಳು.

ಮೂರು ದಿನಕ್ಕೆ ನಾಲ್ಕು ಮಾತು ಬಂದವು. ಮಗಳು ಓದಿ ಹೇಳಿದಳು. ಒಬ್ಬರು, ಈ ಬಟ್ಟೆ ಮಾರಾಟಕ್ಕಿದೆಯೇ ಎಂದು ಕೇಳಿದ್ದರು. ಒಬ್ಬರು, ಚಿತ್ರ ತಪ್ಪಿ ಬಂದಿರಬೇಕು, ಬರೀ ಬಟ್ಟೆ ಕಾಣುತ್ತಿದೆ ಎಂದಿದ್ದರು. ಇನ್ನಿಬ್ಬರು ನಗುವ ಮುಖ ಹಾಕಿದ್ದರು.

"ಬರೀ ಬಟ್ಟೆ ಕಾಣೋದಕ್ಕೇ ಅಲ್ವೇನೇ ನಾನು ನಾಲ್ಕು ದಿನ ಕೂತಿದ್ದು?" ಸೂಜಕ್ಕನಿಗೆ ಅರ್ಥವೇ ಆಗಲಿಲ್ಲ.

ಮಗಳು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ಅಮ್ಮಾ, ಅವರು ತೂತೇ ನೋಡಿಲ್ಲ. ಏನು ಮುಚ್ಚಿದೀಯ ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು? ಹರಿದಾಗಲೂ ಒಂದು ಚಿತ್ರ ತೆಗಿ."

"ಆಗಲ್ಲ."

"ಹೆಸರು ಹಾಕಲ್ಲಮ್ಮ. ಯಾರ ಕೋಟು ಅಂತ ಯಾರಿಗೆ ಗೊತ್ತಾಗತ್ತೆ?"

"ಕೋಟಿನವರಿಗೆ ಗೊತ್ತಾಗತ್ತೆ. ಸಾಕಲ್ಲ." ಸೂಜಕ್ಕ ಬಿಳಿ ವಸ್ತ್ರ ಒಗೆಯಲು ಎದ್ದುಹೋದಳು. ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಅತ್ತೆಯ ಮಾತು ಬಿಟ್ಟರೆ ಕೆಲಸ ಉಳಿಯಬಹುದು, ಹಿಡಿದರೆ ಮಾತಷ್ಟೇ ಉಳಿಯುತ್ತದೆ ಎಂದು ಸೂಜಕ್ಕನಿಗೂ ತಿಳಿದಿತ್ತು. ಆದರೂ ಕೈ ಬರಲಿಲ್ಲ.

ಪ್ರಶ್ನೆ ಕೇಳುವುದನ್ನು ಮಾತ್ರ ಬಿಡಲಿಲ್ಲ. ಮೂರನೇ ವಾರ, ರಫೂ ಮಾಡುವ ಬೇರೆ ದೇಶದವರನ್ನು ತೋರಿಸು ಎಂದು ಕೇಳಿದಾಗ, ಒಬ್ಬ ಮುದುಕ ಬಂದ. ದಪ್ಪ ಬೆರಳು, ಮೂಗಿನ ತುದಿಯಲ್ಲಿ ಕನ್ನಡಕ, ಗೊತ್ತಿಲ್ಲದ ಭಾಷೆ. ಅವನ ಮುಂದೆಯೂ ಒಂದು ಕಿಟಕಿ, ಮೊಣಕಾಲೆತ್ತರದ ಒಂದು ಪೆಟ್ಟಿಗೆ. ಸೂಜಕ್ಕ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡಳು. ಲೋಕದಲ್ಲಿ ತಾನೊಬ್ಬಳೇ ಉಳಿದಿದ್ದೇನೆ ಎಂದುಕೊಂಡಿದ್ದವಳ ಎದುರು, ಅವಳ ಹಾಗೆಯೇ ಸೂಜಿಯನ್ನು ತುಟಿಗೆ ತಾಗಿಸಿ ತೇವ ಮಾಡಿಕೊಳ್ಳುವ ಇನ್ನೊಬ್ಬ ಮನುಷ್ಯ ಕೂತಿದ್ದ.

ಅವನ ಮಾತು ತಿಳಿಯಲಿಲ್ಲ, ಕೈ ತಿಳಿಯಿತು. ಎಂಟು ದಿನ ಅವಳು ಅದೊಂದನ್ನೇ ನಿಲ್ಲಿಸಿ ನಿಲ್ಲಿಸಿ ನೋಡಿದಳು. ಒಂದು ಸಾಲು ನೇಯ್ದು ಹಿಂದಿರುಗುವ ತಿರುವಿನಲ್ಲಿ ಅವನು ದಾರವನ್ನು ಎಳೆಯುತ್ತಿರಲಿಲ್ಲ. ಸಾಸಿವೆಯಷ್ಟು ಕುಣಿಕೆ ಬಿಟ್ಟು ತಿರುಗುತ್ತಿದ್ದ. ಯಾಕೆಂದು ಅವಳಿಗೆ ಐದನೇ ದಿನ ಹೊಳೆಯಿತು. ಬಟ್ಟೆ ನೆನೆದು ಆರಿದಾಗ ಹೊಸ ಎಳೆ ಕುಗ್ಗುತ್ತದೆ, ಕುಗ್ಗಲು ಅದಕ್ಕೆ ಜಾಗ ಬೇಕು. ಅವಳು ಇಪ್ಪತ್ತೊಂಬತ್ತು ವರ್ಷ ಬಿಗಿಯಾಗಿ ಎಳೆದಿದ್ದಳು. ಅವಳ ರಫೂ ಮೂರು ಒಗೆತಕ್ಕೆ ಸಣ್ಣಗೆ ಸುಕ್ಕು ಹಿಡಿಯುತ್ತಿತ್ತು, ಆಗೆಲ್ಲ ಅವಳು ಯಜಮಾನನ ಇಸ್ತ್ರಿಯನ್ನು ಬೈಯುತ್ತಿದ್ದಳು. ಅವನು ಅವಳ ಸೂಜಿಯನ್ನು ಬೈಯುತ್ತಿದ್ದ.

ಮರುದಿನ ಅಂಗಡಿಗೆ ಹೋದವಳೇ ಹೇಳಿದಳು, "ಯಜಮಾನ್ರೇ, ಸುಕ್ಕು ಬರ್ತಿದ್ದದ್ದು ನನ್ನ ಕೈಯಿಂದ. ನಿಮ್ಮ ಇಸ್ತ್ರೀದು ತಪ್ಪಿಲ್ಲ."

ಯಜಮಾನ ಇಸ್ತ್ರಿ ಕೆಳಗಿಟ್ಟ. "ಇದನ್ನ ಹೇಳೋಕೆ ಅಂಗಡಿ ಮುಚ್ಚೋವರೆಗೂ ಕಾದ್ಯಾ ತಾಯಿ?"

ಆ ಮುದುಕನ ಇನ್ನೊಂದು ಕೆಲಸವೂ ಅವಳ ತಲೆಯಲ್ಲಿ ಕೂತಿತ್ತು. ಶುರುವಿನಲ್ಲಿ ಅವನು ಕತ್ತರಿ ತೆಗೆದುಕೊಂಡು ಬಟ್ಟೆಗೆ ತಾನೇ ತೂತು ಮಾಡುತ್ತಿದ್ದ. ಗಿರಾಕಿಯ ಹರಕಲ್ಲ, ಅವನದೇ. ತನ್ನದೇ ಹರಕು ತೋರಿಸಿದರೆ ಯಾರ ಗುಟ್ಟೂ ಒಡೆಯುವುದಿಲ್ಲ.

ಸೂಜಕ್ಕ ಒಂದು ಚಿಂದಿ ಆರಿಸಿ, ತೂತು ಮಾಡಿ, ಮಗಳ ಕೈಯಲ್ಲಿ ವಿಡಿಯೋ ತೆಗೆಸಿ, ರಫೂ ಮಾಡಿದಳು. ಮಗಳೇ ಅದನ್ನು ಕೊನೆಯವರೆಗೆ ನೋಡಲಿಲ್ಲ.

"ಚೆನ್ನಾಗಿದೆ ಅಮ್ಮ. ಆದ್ರೆ ಚಿಂದಿ ಹರಿದ್ರೆ ಯಾರ ಎದೆ ಹೊಡ್ಕೊಳ್ಳತ್ತೆ?"

ಅದು ನಿಜ. ಒಳ್ಳೆಯ ಬಟ್ಟೆಯಾಗಬೇಕು, ಅದರಲ್ಲೂ ಗೆರೆಗೆ ಗೆರೆ ಕೂಡಬೇಕಾದ ಚೌಕುಳಿ ನೇಯ್ಗೆಯಾಗಬೇಕು. ಆ ಮನೆಯಲ್ಲಿ ಅಂಥದ್ದು ಒಂದೇ ಇತ್ತು. ಗಂಡ ನಿವೃತ್ತನಾದ ದಿನ ಕಟ್ಟಡದವರೆಲ್ಲ ಸೇರಿ ಕೊಟ್ಟ ಉಣ್ಣೆಯ ಕೋಟು. ಬೂದು ಬಣ್ಣದ ಮೇಲೆ ಕಂದು ಚೌಕ, ಚೌಕದೊಳಗೆ ಕೂದಲೆಳೆಯ ನೀಲಿ ಗೆರೆ. ಅವನು ಅದನ್ನು ಹಾಕಿದ್ದು ಎರಡು ಸಲ. ಕೊಟ್ಟ ದಿನ ಒಮ್ಮೆ, ಅದನ್ನು ಹಾಕಿಕೊಂಡು ಅದೇ ಕಟ್ಟಡಕ್ಕೆ ಹೋಗಿ, ಬೇರೆಯವನು ನಡೆಸುವ ಲಿಫ್ಟಿನಲ್ಲಿ ಒಂದು ಸಲ ಮೇಲೆ ಹೋಗಿ ಬಂದಾಗ ಇನ್ನೊಮ್ಮೆ.

ಮೂರು ದಿನ ಅವಳು ಕೇಳಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಕೇಳಿದಳು. ಗಂಡ ಫೋನಿನಲ್ಲಿ ಕಿರುಚಾಡುತ್ತಿದ್ದವರ ಬಾಯಿ ಮುಚ್ಚಿಸಿ ಅವಳನ್ನು ನೋಡಿದ.

"ಕತ್ತರಿಸ್ತೀಯಾ?"

"ಆಮೇಲೆ ಸರಿ ಮಾಡ್ತೀನಿ."

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ಇಲ್ಲಿ ಕುಂಬಾರನೂ ನೀನೇ, ದೊಣ್ಣೇನೂ ನೀನೇ." ಎದ್ದು ಹೋದ. ಸಿಟ್ಟಾಗಿ ಹೋದನೆಂದು ಅವಳು ತಲೆ ತಗ್ಗಿಸಿದಳು. ಅವನು ಬೀರುವಿನಿಂದ ಕೋಟು ತಂದು ಮಂಚದ ಮೇಲೆ ಹರಡಿದ. ಬೆನ್ನಿನ ಕಡೆಯನ್ನು ಮೇಲೆ ಮಾಡಿದ, ಒಮ್ಮೆ ಸವರಿ ನೋಡಿ, ಮತ್ತೆ ಮಗುಚಿ ಎದೆಯ ಕಡೆ ಮೇಲೆ ಮಾಡಿದ.

"ಇಲ್ಲಿ ಮಾಡು. ಬೆನ್ನಲ್ಲಿ ಮಾಡಿದ್ರೆ ಯಾರು ನೋಡ್ತಾರೆ?"

"ಅಲ್ಲಿ ತಪ್ಪಿದ್ರೆ ಎಲ್ಲರಿಗೂ ಕಾಣತ್ತೆ."

"ಅದಕ್ಕೇ ಅಲ್ವಾ ಹೇಳ್ತಿರೋದು?" ಎಂದವನು ಮೊಣಕಾಲು ನೋವೆಂದು ನೆಪ ಹೇಳಿ ಹೊರಗಿನ ಕೋಣೆಗೆ ಹೋದ. ಕತ್ತರಿ ಆಡಿದ ಸದ್ದಿಗೆ ಒಮ್ಮೆ ಕೆಮ್ಮಿದ.

ಹೆಬ್ಬೆರಳ ಉಗುರಿನಷ್ಟು ತೂತು. ಕಂದು ಗೆರೆಯೂ ನೀಲಿ ಗೆರೆಯೂ ಕೂಡುವ ಮೂಲೆಯನ್ನೇ ಅವಳು ಕತ್ತರಿಸಿದ್ದಳು. ಅದನ್ನು ತುಂಬಲು ಐದು ಮಧ್ಯಾಹ್ನ ಹಿಡಿಯಿತು. ಮಗಳು ಫೋನನ್ನು ಎರಡು ಡಬ್ಬಗಳ ನಡುವೆ ನಿಲ್ಲಿಸಿದ್ದಳು. ಬಿಳಿ ವಸ್ತ್ರ ಹೊದಿಸದೆ ಸೂಜಕ್ಕ ಕೆಲಸ ಮಾಡಿದ್ದು ಅದೇ ಮೊದಲು. ತಿರುವುಗಳಲ್ಲಿ ಕುಣಿಕೆ ಬಿಟ್ಟಳು. ನೀಲಿ ಎಳೆ ಒಳಮಡಿಕೆಯಲ್ಲಿ ಸಾಲದೆ ಹೋದಾಗ ಕಿಸೆಯ ಒಳಗಿಂದ ಬಿಡಿಸಿ ತಂದಳು. ಮುಗಿದ ದಿನ ಗಂಡ ಕೋಟು ತೊಟ್ಟು ಕಿಟಕಿಯ ಎದುರು ನಿಂತ. ಮಗಳು ಅದನ್ನೂ ತೆಗೆದು, ಎಲ್ಲ ಸೇರಿಸಿ ಅಮ್ಮನ ಪುಟಕ್ಕೆ ಹಾಕಿದಳು.

ಅಂಗಡಿ ಮುಚ್ಚುವ ದಿನದವರೆಗೆ ಆ ವಿಡಿಯೋ ನೋಡಿದವರು ಹನ್ನೊಂದು ಜನ. ಅದರಲ್ಲಿ ಮೂವರು ಮನೆಯವರೇ.

ಸೂಜಕ್ಕ ಲಾಂಡ್ರಿ ಕೆಲಸಕ್ಕೆ ಹೂಂ ಎಂದಳು. ಪೆಟ್ಟಿಗೆಯನ್ನು ಮನೆಗೆ ಸಾಗಿಸಿ, ಮರುವಾರ ನೆಲಮಾಳಿಗೆಗೆ ಇಳಿದಳು. ಒದ್ದೆ ಬಟ್ಟೆ ಹಿಂಡಿದಳು, ಮಡಿಸಿದಳು, ಎಣಿಸಿ ಗಾಡಿಗೆ ತುಂಬಿದಳು. ಎದುರು ನಿಂತು ಮಡಿಸುತ್ತಿದ್ದವಳು ಒಳ್ಳೆಯ ಮಾತುಗಾತಿ, ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಎರಡನೇ ವಾರಕ್ಕೆ ಬೆರಳ ಸಂದು ಬಿರಿಯಿತು. ನಾಲ್ಕನೇ ವಾರಕ್ಕೆ, ತಲೆ ಬಾಚಿಕೊಳ್ಳುವಾಗ ಕೂದಲು ಬೆರಳಿಗೆ ಸಿಕ್ಕಿಕೊಳ್ಳಲು ಶುರುವಾಯಿತು.

ಆರನೇ ವಾರ ಮಗಳು ಔಷಧಿ ಅಂಗಡಿಯಿಂದ ಓಡಿಕೊಂಡೇ ಬಂದಳು. ದೂರದ ನಗರದ ನಾಟಕಶಾಲೆಯೊಂದರಲ್ಲಿ ಉಡುಪು ನೋಡಿಕೊಳ್ಳುವ ಹೆಂಗಸು ಬರೆದಿದ್ದಳು. ಅವರ ಹಳೆಯ ಉಣ್ಣೆ ಕೋಟುಗಳಿಗೆ ನುಸಿ ಬಿದ್ದಿತ್ತು. ಆ ನೇಯ್ಗೆ ಈಗ ಎಲ್ಲೂ ಸಿಗುವುದಿಲ್ಲ. ಮೊದಲು ಒಂದು ಕಳಿಸುತ್ತೇನೆ, ಸರಿಬಂದರೆ ಇನ್ನೂ ಹದಿಮೂರು ಇವೆ ಎಂದಿದ್ದಳು. ಕೊನೆಗೊಂದು ಸಾಲು ಸೇರಿಸಿದ್ದಳು: "ಆ ತೂತನ್ನು ನೀವೇ ಕತ್ತರಿಸಿದ್ದನ್ನು ನೋಡಿ ನನ್ನ ಉಸಿರು ನಿಂತಿತು."

ಕೋಟು ಬಂತು. ಕಪ್ಪು, ತುಂಬ ನಯ. ಸೂಜಕ್ಕ ಒಂದು ಎಳೆ ಬಿಡಿಸಿ ಬೆರಳಿಗೆ ತೆಗೆದುಕೊಂಡಳು. ಎಳೆ ಚರ್ಮದ ಬಿರುಕಿಗೆ ಸಿಕ್ಕಿ ತುಂಡಾಯಿತು. ಎರಡನೆಯದೂ, ಮೂರನೆಯದೂ ತುಂಡಾಯಿತು. ನಾಲ್ಕನೆಯದನ್ನು ಅವಳು ಮುಟ್ಟಲಿಲ್ಲ. ಆ ಕೋಟಿನ ಒಳಮಡಿಕೆಯಲ್ಲಿ ಹಾಳು ಮಾಡುವಷ್ಟು ಎಳೆ ಇರಲಿಲ್ಲ.

ನೋಟುಪುಸ್ತಕದಲ್ಲಿ ಅಂದಿನ ಪ್ರಶ್ನೆ ಬರೆದಳು: ಒರಟಾದ ಬೆರಳು ಮತ್ತೆ ನಯವಾಗುವುದು ಹೇಗೆ? ಮಗಳು ಅದನ್ನು ಫೋನಿನಿಂದಲೇ ಆ ದೂರದ ಮುದುಕನ ಭಾಷೆಗೆ ತಿರುಗಿಸಿ ಅವನಿಗೇ ಕಳಿಸಿದಳು. ಮೂರು ದಿನಕ್ಕೆ ಅವನ ಸೊಸೆ ಉತ್ತರ ಬರೆದಳು. ಮಾವ ಕೂಡ ಆರು ವರ್ಷ ಚರ್ಮ ಹದ ಮಾಡುವ ಕಡೆ ದುಡಿದಿದ್ದರಂತೆ. ಎಣ್ಣೆಗೆ ಸಣ್ಣ ಸಕ್ಕರೆ ಬೆರೆಸಿ ದಿನಕ್ಕೆ ಎರಡು ಸಲ ಬೆರಳು ಉಜ್ಜಬೇಕು, ಹನ್ನೆರಡು ದಿನ ನೀರು, ಸೋಪು ಮುಟ್ಟಬಾರದು. ಕೆಳಗೆ ಇನ್ನೊಂದು ಮಾತು ಇತ್ತು. ಎರಡೂ ಕೆಲಸ ಒಟ್ಟಿಗೆ ಆಗುವುದಿಲ್ಲ, ಮಾವ ನೋಡಿದ್ದಾರೆ.

ಸೂಜಕ್ಕ ಮೂರು ವಾರ ರಜೆ ಕೇಳಿದಳು. ಮೇಸ್ತ್ರಿ ಗೊಣಗುತ್ತಾ ಕೊಟ್ಟ. ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಗಂಡನಿಗೆ ಬಿತ್ತು. "ಮೂವತ್ತನಾಲ್ಕು ವರ್ಷ ಒಂದೇ ಗುಂಡಿ ಒತ್ತಿದೋನು ನಾನು. ಇಷ್ಟೊಂದು ಲೋಟ ಎಲ್ಲಿತ್ತೇ ನಮ್ಮನೇಲಿ?" ಎನ್ನುತ್ತಾ ತೊಳೆದ. ಒಂಬತ್ತನೇ ದಿನ ಎಳೆ ಬೆರಳಿನ ಮೇಲೆ ಜಾರಿತು. ಕೋಟಿನಲ್ಲಿ ತೂತು ಒಂದೆರಡೇ ಇದ್ದದ್ದರಿಂದ ಹನ್ನೆರಡನೇ ದಿನ ಅದು ಮುಗಿಯಿತು. ಕಳಿಸಿ ಐದು ದಿನಕ್ಕೆ, ಹದಿಮೂರು ಕೋಟುಗಳ ಪೆಟ್ಟಿಗೆ ಹೊರಟಿದೆ, ಅವುಗಳಿಗೆ ಮೈತುಂಬ ತೂತು ಎಂದು ನಾಟಕಶಾಲೆಯ ಹೆಂಗಸು ಬರೆದಳು. ಆಮೇಲೆ ಏನಿದೆ ಎಂದು ಈಗ ಹೇಳಲಾರೆ, ಮಾತು ಕೊಡುವಂತಿಲ್ಲ ಎಂದೂ ಬರೆದಳು. ಆ ಪ್ರಾಮಾಣಿಕತೆ ಸೂಜಕ್ಕನಿಗೆ ಹಿಡಿಸಿತು.

ಅಂಥ ಹದಿಮೂರು ಕೋಟು ಎಂದರೆ ಏಳೆಂಟು ತಿಂಗಳು. ಲಾಂಡ್ರಿ ಎಂದರೆ ಕೈಕಾಲು ಆಡುವವರೆಗೆ. ಗಂಡ, ಮಗಳು ಇಬ್ಬರೂ ತೀರ್ಮಾನ ಅವಳಿಗೇ ಬಿಟ್ಟರು. ಅವಳು ಎರಡು ದಿನ ಮತ್ತೆ ನೆಲಮಾಳಿಗೆಗೆ ಹೋಗಿ, ಕೈಗೆ ರಬ್ಬರು ಗ್ಲೌಸು ಹಾಕಿಕೊಂಡು ಮಡಿಸಿ ನೋಡಿದಳು. ಗ್ಲೌಸಿನೊಳಗೆ ಬೆವರಿ ಬೆರಳು ಮತ್ತೆ ಸುಲಿಯಿತು.

ಮೂರನೇ ದಿನ ಬೆಳಿಗ್ಗೆ ಅವಳು ಲಾಂಡ್ರಿಯಲ್ಲಿ ತನಗೆ ಕೊಟ್ಟಿದ್ದ ಕಪಾಟಿನ ಬೀಗದ ಕೈಯನ್ನೂ ಮಡಿಸಿದ ಏಪ್ರನ್ನನ್ನೂ ಮೇಸ್ತ್ರಿಯ ಮೇಜಿನ ಮೇಲಿಟ್ಟಳು.

"ಏನಮ್ಮಾ, ಬೇರೆ ಕೆಲಸ ಸಿಕ್ತಾ?"

"ಇಲ್ಲ. ನಂದೇ ಹಳೇದು."

"ಅದರಲ್ಲಿ ಎಷ್ಟು ದಿನ ನಡೆಯತ್ತೆ?"

"ಹದಿಮೂರು ಕೋಟಿನಷ್ಟು," ಎಂದಳು ಸೂಜಕ್ಕ. "ಮುಂದಿಂದು ಕೇಳಿ ನೋಡ್ತೀನಿ."

ಮೇಸ್ತ್ರಿ ಪುಸ್ತಕ ತೆಗೆದು ಅವಳ ಹೆಸರಿನ ಮೇಲೆ ಗೆರೆ ಎಳೆದ. ಆ ಮಾತುಗಾತಿ ದೂರದಿಂದಲೇ, "ಅಕ್ಕಾ, ನನ್ನ ಎದುರು ಯಾರು ಹಿಡೀತಾರೆ ಈಗ?" ಎಂದು ಕೂಗಿದಳು. ಸೂಜಕ್ಕ ಹೋಗಿ, ಆಕೆ ಹಿಡಿದಿದ್ದ ಹಾಸುಬಟ್ಟೆಯ ಇನ್ನೆರಡು ತುದಿ ತಾನು ಹಿಡಿದು, ಕೊನೆಯದೊಂದನ್ನು ಅವಳ ಜೊತೆ ಮಡಿಸಿಕೊಟ್ಟಳು. ಕೈಯನ್ನು ಸೆರಗಿಗೆ ಒತ್ತಿ ಒತ್ತಿ ಒರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತಿದಳು.